ಒಂದೇ ಕೀ, ಎರಡು ಹೆಸರು: ಥಿಯರಿ ಪಾಠದಲ್ಲಿ ನಾನು ತಿದ್ದಿಕೊಂಡದ್ದು

ಮಡಿಕೇರಿಯಲ್ಲಿ ನಾನು ಪಿಯಾನೊ ಕಲಿಸುತ್ತೇನೆ. ಲಂಡನ್ನಿನ ಸಂಗೀತ ಪರೀಕ್ಷಾ ಮಂಡಳಿಯಾದ ಎಬಿಆರ್‌ಎಸ್‌ಎಂನಲ್ಲಿ ಆರನೇ ಗ್ರೇಡ್‌ನ ವಾದನ ಪರೀಕ್ಷೆಗೆ ಕೂರುವವರು ಸಾಮಾನ್ಯವಾಗಿ ಅದಕ್ಕೆ ಮೊದಲು ಐದನೇ ಗ್ರೇಡ್‌ನ ಥಿಯರಿಯಲ್ಲಿ (ಸಂಗೀತಶಾಸ್ತ್ರದ ಪರೀಕ್ಷೆಯಲ್ಲಿ) ಉತ್ತೀರ್ಣರಾಗಿರಬೇಕು. 75 ಅಂಕಗಳಿಗೆ ಕನಿಷ್ಠ 50 ಬೇಕು. ಸೊಗಸಾಗಿ ನುಡಿಸುವ ಮಕ್ಕಳೇ ಈ ಪತ್ರಿಕೆಯ ಇಂಟರ್ವಲ್ ಪ್ರಶ್ನೆಗಳಲ್ಲಿ, ಅಂದರೆ ಎರಡು ಸ್ವರಗಳ ನಡುವಿನ ಅಂತರವನ್ನು ಹೆಸರಿಸುವಲ್ಲಿ, ಎಡವುತ್ತಿದ್ದರು. ಅಭ್ಯಾಸ ಸಾಲದೆಂದು ಅವರನ್ನು ಗದರುತ್ತಿದ್ದ ನನಗೆ, ತಪ್ಪು ನನ್ನ ಪಾಠದಲ್ಲೇ ಇದೆಯೆಂಬುದು ಬಹುಕಾಲ ಹೊಳೆದಿರಲಿಲ್ಲ.

ಅನುಮಾನ ಬಂದಾಗಲೆಲ್ಲ ‘ಒತ್ತಿ ನೋಡು’ ಎನ್ನುವುದು ನನ್ನ ಅಭ್ಯಾಸವಾಗಿತ್ತು. ಆದರೆ ಸಿ ಸ್ವರದಿಂದ ಜಿ ಶಾರ್ಪ್‌ಗೆ (ಅರ್ಧ ಸ್ವರ ಏರಿದ ಜಿ) ಹೋದರೂ ಎ ಫ್ಲ್ಯಾಟ್‌ಗೆ (ಅರ್ಧ ಸ್ವರ ಇಳಿದ ಎ) ಹೋದರೂ ಬೆರಳು ಮುಟ್ಟುವುದು ಅದೇ ಕಪ್ಪು ಕೀಯನ್ನು. ಕಾಗದದ ಮೇಲೆ ಮಾತ್ರ ಮೊದಲನೆಯದು ಐದು ಅಕ್ಷರಗಳ (ಸಿ, ಡಿ, ಇ, ಎಫ್, ಜಿ) ಅಂತರವಾದ್ದರಿಂದ ಆಗ್ಮೆಂಟೆಡ್ (ಹಿಗ್ಗಿದ) ಫಿಫ್ತ್, ಎರಡನೆಯದು ಆರು ಅಕ್ಷರಗಳದ್ದಾದ್ದರಿಂದ ಮೈನರ್ (ಕಿರಿಯ) ಸಿಕ್ಸ್ತ್. ಪತ್ರಿಕೆ ಕೇಳುವುದು ಹೆಸರನ್ನು. ಪಿಯಾನೊ ಮರೆಮಾಡುವುದೂ ಅದನ್ನೇ. ಕೀಗಳಿಲ್ಲದ ಪಿಟೀಲು ಕಲಿಯುವವರಿಗಿಂತ ನಮ್ಮ ವಿದ್ಯಾರ್ಥಿಗಳಿಗೆ ಈ ಬಲೆ ಹೆಚ್ಚು ಹತ್ತಿರದ್ದೆಂದು ನನ್ನ ಅಂದಾಜು.

ಒಂದು ಜುಲೈ ಸಂಜೆ, ಬಿಡದೆ ಸುರಿದ ಮಳೆಗೆ ಕರೆಂಟು ಹೋಗಿ ಎಲೆಕ್ಟ್ರಿಕ್ ಕೀಬೋರ್ಡ್ ಮೂಕವಾಯಿತು. ಬೇರೆ ದಾರಿಯಿಲ್ಲದೆ ಎಮರ್ಜೆನ್ಸಿ ದೀಪದ ಬೆಳಕಿನಲ್ಲಿ ಅಕ್ಷರಗಳನ್ನೇ ಎಣಿಸುತ್ತ ಕುಳಿತಿದ್ದಾಗ, ಕರ್ನಾಟಕ ಸಂಗೀತವನ್ನೂ ಕಲಿಯುತ್ತಿದ್ದ ಹುಡುಗಿಯೊಬ್ಬಳು, “ಮಿಸ್, ಇದು ಚತುಃಶ್ರುತಿ ರಿಷಭ, ಶುದ್ಧ ಗಾಂಧಾರ ಇದ್ದ ಹಾಗೇ ಅಲ್ವಾ?” ಎಂದಳು. ಹನ್ನೆರಡು ಸ್ವರಸ್ಥಾನಗಳಿಗೆ ಹದಿನಾರು ಹೆಸರುಗಳಿರುವುದನ್ನು ನಾನೂ ಬಲ್ಲೆ. ಒಂದೇ ಸ್ಥಾನ ಖರಹರಪ್ರಿಯ ರಾಗದಲ್ಲಿ ರಿಷಭ, ಕನಕಾಂಗಿ ರಾಗದಲ್ಲಿ ಗಾಂಧಾರ. ಆದರೂ ಅದನ್ನು ಈ ಪಾಠಕ್ಕೆ ತಂದಿರಲಿಲ್ಲವೆಂಬುದು ನನಗೆ ನಾಚಿಕೆಯ ವಿಷಯ.

ಅಂದಿನಿಂದ ಕ್ರಮ ಬದಲಾಯಿತು. ಮೊದಲು ಅಕ್ಷರಗಳನ್ನು ಎಣಿಸಬೇಕು, ಆಮೇಲೆ ಕೆಳಗಿನ ಸ್ವರದ ಮೇಜರ್ ಸ್ಕೇಲ್ (ಆ ಸ್ವರದಿಂದ ಹೊರಡುವ ಏಳು ಸ್ವರಗಳ ಸಾಲು) ನೆನೆಯಬೇಕು, ಮೇಲಿನ ಸ್ವರ ಅದರಲ್ಲಿದೆಯೇ ಎಂದು ಕೊನೆಯಲ್ಲಿ ನೋಡಬೇಕು. ಡಿ ಫ್ಲ್ಯಾಟ್‌ನಿಂದ ಬಿಗೆ ಆರು ಅಕ್ಷರ. ಡಿ ಫ್ಲ್ಯಾಟ್ ಮೇಜರ್‌ನಲ್ಲಿರುವುದು ಬಿ ಫ್ಲ್ಯಾಟ್. ಇಲ್ಲಿ ಅದು ಅರ್ಧ ಸ್ವರ ಏರಿರುವುದರಿಂದ ಆಗ್ಮೆಂಟೆಡ್ ಸಿಕ್ಸ್ತ್. ಕಿವಿಯನ್ನು ಕೇಳಿದರೆ ಅದು ಮೈನರ್ ಸೆವೆಂತ್ ಎಂದೇ ಹೇಳುತ್ತದೆ.

ಪತ್ರಿಕೆಯಲ್ಲಿ ಬರುವ 5/8, 7/8 ತಾಳಗಳು ನಮ್ಮವರಿಗೆ ಕಷ್ಟವಲ್ಲ. ಖಂಡಛಾಪು, ಮಿಶ್ರಛಾಪು ತಟ್ಟಿಸಿದರೆ ಮುಗಿಯಿತು. ಪಿಯಾನೊ ಪುಸ್ತಕಗಳಲ್ಲಿ ಕಾಣಸಿಗದ ಟೆನರ್ ಕ್ಲೆಫ್‌ಗೆ (ಗೆರೆಗಳ ಮೇಲೆ ಸ್ವರಗಳ ಸ್ಥಾನ ತಿಳಿಸುವ ಗುರುತುಗಳಲ್ಲೊಂದು) ಮಾತ್ರ ದಿನಕ್ಕೆರಡು ಸಾಲು ಬರೆಸುತ್ತೇನೆ.

ಈಗ ಥಿಯರಿ ತರಗತಿಯ ಮೊದಲ ಅರ್ಧ ಗಂಟೆ, ಕರೆಂಟು ಇದ್ದರೂ, ಕೀಬೋರ್ಡ್‌ನ ಸ್ವಿಚ್ ಹಾಕುವುದಿಲ್ಲ. ಉತ್ತರ ಬರೆದಾದ ಮೇಲೆಯೇ ಅದನ್ನು ನುಡಿಸಿ ಕೇಳುತ್ತೇವೆ.