ಗೆಳೆಯನನ್ನು ಕಳೆದುಕೊಂಡ ಮಕ್ಕಳು ಓದುವ ಕಾದಂಬರಿ: ಲೈಬ್ರರಿ ಕೆಲಸದಲ್ಲಿ ಕಲಿತದ್ದು

ಮಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ ನಾನು ಲೈಬ್ರೇರಿಯನ್. ಕೆಲವು ಮಕ್ಕಳು ಬಂಟ್ವಾಳ, ಮೂಡುಬಿದಿರೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಾರೆ. ಇನ್ನು ಕೆಲವರು ಬಾಗಲಕೋಟೆ, ವಿಜಯಪುರದಿಂದ ಬಂದು ಹಾಸ್ಟೆಲ್‌ನಲ್ಲಿದ್ದಾರೆ. ಹದಿಹರೆಯದವರ ಕಾದಂಬರಿಗಳಿಗೆ ನಮ್ಮಲ್ಲಿ ಒಂದು ಕಪಾಟು ಉಂಟು. ಗೆಳೆಯನೋ ಗೆಳತಿಯೋ ಆತ್ಮಹತ್ಯೆ ಮಾಡಿಕೊಂಡ ಮೇಲೆ ಉಳಿದವರು ಏನಾಗುತ್ತಾರೆ ಅನ್ನುವ ಕಥೆಗಳೂ ಅದರಲ್ಲಿ ಇವೆ. "ಇಂಥದ್ದನ್ನೆಲ್ಲ ಮಕ್ಕಳ ಕೈಗೆ ಕೊಡ್ತೀರಾ ಮೇಡಂ?" ಅಂತ ಹೊಸದಾಗಿ ಸೇರಿದ ಉಪನ್ಯಾಸಕರು ಗಾಬರಿಯಿಂದ ಕೇಳುವುದುಂಟು. ಕೊಡುತ್ತೇನೆ. ಆದರೆ ಸಿಕ್ಕಿದ್ದನ್ನೆಲ್ಲ ಕೊಡುವುದಿಲ್ಲ, ಯಾವಾಗಂದರೆ ಆವಾಗ ಕೊಡುವುದೂ ಇಲ್ಲ. ಶಾಲೆ ಕಾಲೇಜುಗಳ ಲೈಬ್ರರಿಯಲ್ಲಿ ಇರುವ ಉಳಿದವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ ಹೆಚ್ಚಿನವರ ಪಕ್ಕದಲ್ಲಿ ಕೂರುತ್ತಿದ್ದ ಒಬ್ಬರಾದರೂ ಇದ್ದಿರಬೇಕು, ಅಲ್ವಾ? ಆ ಲೆಕ್ಕ ಯಾರ ಹತ್ತಿರವೂ ಇಲ್ಲ.

ನಮ್ಮ ಊರಿನಲ್ಲಿ ಸಾವಿಗೆ ತನ್ನದೇ ಕ್ರಮ ಉಂಟು. ಸೂತಕ ಇದೆ, ಬೊಜ್ಜ (ಉತ್ತರಕ್ರಿಯೆ) ಇದೆ. ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಊಟ ಬಡಿಸುವುದು ಇದೆ. ಕ್ರೈಸ್ತರ ಮನೆಯಲ್ಲಿ ತೀರಿಕೊಂಡವರಿಗಾಗಿ ಪೂಜೆ ಇಡಿಸುತ್ತಾರೆ. ಇದೆಲ್ಲ ಮನೆಯವರಿಗೆ. ಗೆಳೆಯನಿಗೆ ಇದರಲ್ಲಿ ಜಾಗ ಇಲ್ಲ. ಅವನು ಬೊಜ್ಜಕ್ಕೆ ಹತ್ತು ಜನರಲ್ಲಿ ಒಬ್ಬನಾಗಿ ಹೋಗಿ, ಪಂಕ್ತಿಯಲ್ಲಿ ಊಟ ಮಾಡಿ ಬರುತ್ತಾನೆ. ಮರುದಿನ ಕೆಮಿಸ್ಟ್ರಿ ಲ್ಯಾಬ್. ಅಜ್ಜಿ ತೀರಿಕೊಂಡರೆ ರಜೆ ಅರ್ಜಿ ಬರೆಯಲು ಗೊತ್ತು, ಗೆಳೆಯ ಹೋದರೆ ಏನಂತ ಬರೆಯುವುದು? ಅದೂ ಆತ್ಮಹತ್ಯೆಯಾದರೆ ಹಿರಿಯರ ಮಾತೆಲ್ಲ ಪಿಸುದನಿಗೆ ಇಳಿಯುತ್ತದೆ. ಮಕ್ಕಳು ಹತ್ತಿರ ಬಂದರೆ ವಿಷಯ ಬದಲಾಗುತ್ತದೆ. ಹೀಗೆ ಸಮಾಜ ಲೆಕ್ಕಕ್ಕೆ ತೆಗೆದುಕೊಳ್ಳದ ದುಃಖದ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಪುಸ್ತಕ ತಂದರು. ಅದನ್ನು ಓದುವಾಗ ನನಗೆ ನಮ್ಮ ಕಾಲೇಜಿನ ಕೊನೆ ಬೆಂಚುಗಳೇ ಕಾಣುತ್ತಿದ್ದವು.

ಇಂಥ ಮಗುವಿಗೆ ಕಾದಂಬರಿ ಏನು ಮಾಡುತ್ತದೆ? ನಾನು ಕಂಡ ಮಟ್ಟಿಗೆ, ಮಗು ಬಾಯಿಬಿಟ್ಟು ಹೇಳಲಾಗದ್ದನ್ನು ಪಾತ್ರ ಮೊದಲೇ ಹೇಳಿಬಿಡುತ್ತದೆ. "ಆ ರಾತ್ರಿ ಮೆಸೇಜ್ ನೋಡಿಯೂ ನಾನು ಉತ್ತರ ಕೊಡಲಿಲ್ಲ." ಈ ಒಂದು ಯೋಚನೆಯನ್ನು ಹೊತ್ತು ತಿಂಗಳುಗಟ್ಟಲೆ ಓಡಾಡುವ ಮಕ್ಕಳಿದ್ದಾರೆ. ಇನ್ನೊಂದು ಸಿಟ್ಟು. ಹೋದವನ ಮೇಲೆ ಸಿಟ್ಟು ಬರುತ್ತದೆ, ಬಂದದ್ದಕ್ಕೆ ನಾಚಿಕೆಯೂ ಆಗುತ್ತದೆ. "ಸತ್ತವರ ಬಗ್ಗೆ ಹಾಗೆಲ್ಲ ಹೇಳಬಾರದು" ಎಂದು ನಾವೇ ಕಲಿಸಿದ್ದೇವಲ್ಲ. "ನನ್ನನ್ನು ಬಿಟ್ಟು ಹೇಗೆ ಹೋದೆ ನೀನು" ಎಂದು ಕಥೆಯ ಹುಡುಗಿ ಕಿರುಚಿದಾಗ ಓದುವ ಹುಡುಗಿಗೆ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತದೆ. ಹಿಂತಿರುಗಿಸುವಾಗ ಒಬ್ಬಳು ನನಗೆ ಹೇಳಿದ್ದು ಇಷ್ಟೇ: "ಇವಳಿಗೂ ಸಿಟ್ಟು ಬಂದಿತ್ತು ಮೇಡಂ."

ಆದರೆ ಇಂಥ ಎಲ್ಲ ಕಾದಂಬರಿಗಳೂ ಒಂದೇ ಅಲ್ಲ. ಈ ಭಯ ಹಳೆಯದು. 1774ರಲ್ಲಿ ಗೋಥೆಯ ಕಾದಂಬರಿಯೊಂದರಲ್ಲಿ ವೆರ್ಥರ್ ಎಂಬ ತರುಣ ಪ್ರಾಣ ಕಳೆದುಕೊಂಡ. ಓದಿದವರು ಅವನನ್ನೇ ಅನುಕರಿಸುತ್ತಾರೆ ಎಂಬ ಆತಂಕದಿಂದ ಲೈಪ್‌ಜಿಗ್‌ ನಗರದಲ್ಲಿ ಆ ಪುಸ್ತಕಕ್ಕೆ ನಿಷೇಧ ಬಂತು. ಇಂಥ ಅನುಕರಣೆಗೆ 1974ರಲ್ಲಿ ಡೇವಿಡ್ ಫಿಲಿಪ್ಸ್ ಎಂಬ ಸಮಾಜಶಾಸ್ತ್ರಜ್ಞ ವೆರ್ಥರ್ ಪರಿಣಾಮ ಎಂದೇ ಹೆಸರಿಟ್ಟರು. ನಮ್ಮ ಕಾಲದ್ದೇ ಬೇಕೆಂದರೆ, 2007ರ ಒಂದು ಅಮೆರಿಕನ್ ಕಾದಂಬರಿ 2017ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯಾಯಿತು. ಸಾವನ್ನು ಅಷ್ಟು ವಿವರವಾಗಿ ತೋರಿಸಿದ್ದಕ್ಕೆ ಮನೋವೈದ್ಯರು ಆಕ್ಷೇಪಿಸಿದರು. 2019ರಲ್ಲಿ ನೆಟ್‌ಫ್ಲಿಕ್ಸ್ ಆ ದೃಶ್ಯವನ್ನು ತೆಗೆದುಹಾಕಿತು.

ಇದರ ಇನ್ನೊಂದು ಬದಿ ಜನರಿಗೆ ಅಷ್ಟು ಗೊತ್ತಿಲ್ಲ. ಮೊಜಾರ್ಟ್‌ನ 1791ರ ಸಂಗೀತ ನಾಟಕದಲ್ಲಿ ಪಾಪಗೆನೊ ಎಂಬ ಹಕ್ಕಿ ಹಿಡಿಯುವವನು ಜೀವವೇ ಬೇಡ ಎಂದು ಹೊರಟಾಗ ಮೂವರು ಹುಡುಗರು ಬಂದು ಬೇರೆ ದಾರಿ ಇದೆ ಎಂದು ನೆನಪಿಸುತ್ತಾರೆ. ಕಷ್ಟದ ಹೊತ್ತನ್ನು ದಾಟಿ ಬಂದವರ ಸುದ್ದಿ ಬಂದಾಗ ಆತ್ಮಹತ್ಯೆಗಳು ಕಡಿಮೆಯಾಗಿದ್ದನ್ನು ಆಸ್ಟ್ರಿಯಾದ ಪತ್ರಿಕಾ ವರದಿಗಳಲ್ಲಿ ಗಮನಿಸಿದ ಸಂಶೋಧಕರು, 2010ರಲ್ಲಿ ಅದಕ್ಕೆ ಪಾಪಗೆನೊನ ಹೆಸರಿಟ್ಟರು. ಹಾಗಾಗಿ ಕಥೆಯಿಂದ ಅಪಾಯವೂ ಉಂಟು, ಆಸರೆಯೂ ಉಂಟು.

ಅದಕ್ಕೇ ಈ ವಿಷಯದ ಪುಸ್ತಕವನ್ನು ಮೊದಲ ಪುಟದಿಂದ ಕೊನೆ ಪುಟದವರೆಗೆ ಓದದೆ ನಾನು ರಿಜಿಸ್ಟರಿಗೆ ಹತ್ತಿಸುವುದಿಲ್ಲ. ಹಿಂಬದಿ ರಕ್ಷಾಪುಟ ಓದಿದರೆ ಸಾಲದು. ಹೇಗೆ ಸತ್ತ ಎಂಬ ವಿವರ ಜಾಸ್ತಿ ಇದ್ದರೆ ಬೇಡ. ಸತ್ತ ಮೇಲೆ ಎಲ್ಲರಿಗೂ ಬುದ್ಧಿ ಬಂತು, ಎಲ್ಲರೂ ಪಶ್ಚಾತ್ತಾಪಪಟ್ಟರು ಎಂದು ಸಾವನ್ನು ಗೆಲುವಿನ ಹಾಗೆ ತೋರಿಸಿದರೂ ಬೇಡ. ಒಬ್ಬ ಮೇಷ್ಟ್ರು ಬೈದರು, ಒಂದು ಮಾರ್ಕ್ಸ್ ಹೋಯಿತು ಎಂದು ಒಂದೇ ಕಾರಣಕ್ಕೆ ಗಂಟು ಹಾಕುವ ಕಥೆಗಳೂ ನನಗೆ ಒಪ್ಪಿಗೆಯಿಲ್ಲ. ಅಸಲಿಗೆ ಕಾರಣಗಳು ಹಾಗೆ ಒಂದೊಂದಾಗಿ ಇರುವುದಿಲ್ಲ, ಮತ್ತು ಉಳಿದ ಮಗು ಆ ಒಂದು ಕಾರಣದ ಜಾಗದಲ್ಲಿ ತನ್ನನ್ನೇ ಇಟ್ಟುಕೊಳ್ಳುತ್ತದೆ. ಕಥೆಯಲ್ಲಿ ಮಾತು ಕೇಳುವ ಒಬ್ಬ ದೊಡ್ಡವರಾದರೂ ಇರಬೇಕು. ಅಮ್ಮನೋ, ಚಿಕ್ಕಮ್ಮನೋ, ಪಿಟಿ ಮೇಷ್ಟ್ರೋ, ಯಾರಾದರೂ ಸರಿ.

ಎಲ್ಲಕ್ಕಿಂತ ಮುಖ್ಯವಾಗಿ ನಾನು ನೋಡುವುದು ಸಾವಿನ ನಂತರ ಕಥೆ ಎಷ್ಟು ದೂರ ನಡೆಯುತ್ತದೆ ಅನ್ನುವುದನ್ನು. ಒಳ್ಳೆಯ ಕಾದಂಬರಿಯಲ್ಲಿ ಸಾವು ಮೊದಲ ಅಧ್ಯಾಯದಲ್ಲೋ, ಅದಕ್ಕೂ ಮುಂಚೆಯೋ ಆಗಿ ಹೋಗಿರುತ್ತದೆ. ಅಲ್ಲಿಂದ ಮುಂದೆ ಪರೀಕ್ಷೆ ಬರುತ್ತದೆ. ಹೋದವನ ಹುಟ್ಟುಹಬ್ಬ ಬರುತ್ತದೆ. ಹೊಸ ಗೆಳೆಯ ಸಿಗುತ್ತಾನೆ, ನಕ್ಕುಬಿಟ್ಟೆನಲ್ಲ ಎಂದು ಮೈ ಬೆಚ್ಚುತ್ತದೆ. ಅವನ ನಂಬರನ್ನು ಫೋನಿನಿಂದ ಅಳಿಸಬೇಕೋ ಬೇಡವೋ ಎಂಬುದಕ್ಕೆ ಒಂದಿಡೀ ಅಧ್ಯಾಯ ಹೋಗುತ್ತದೆ. ದೊಡ್ಡವರಿಗೆ ಇದು ಉದ್ದವಾಯಿತು ಅನ್ನಿಸಬಹುದು. ಮಕ್ಕಳು ನಿಂತು ಓದುವುದು ಅದೇ ಪುಟಗಳನ್ನು.

ಕೊಡುವ ಹೊತ್ತಿನ ಬಗ್ಗೆ ನಮ್ಮ ಕೌನ್ಸೆಲರ್ ಮೇಡಂ ಹೇಳಿಕೊಟ್ಟದ್ದನ್ನು ನಾನು ಬಿಡದೆ ಪಾಲಿಸುತ್ತೇನೆ. ಕಾಲೇಜಿನಲ್ಲಿ ಅಂಥ ಸಾವು ನಡೆದ ಮೊದಲ ವಾರಗಳಲ್ಲಿ ಆ ಪುಸ್ತಕಗಳನ್ನು ಮುಂದೆ ತಂದು ಜೋಡಿಸುವುದಿಲ್ಲ. ಯಾರ ಕೈಗೂ ತುರುಕುವುದಿಲ್ಲ. ಆ ವಾರಗಳಲ್ಲಿ ಮಕ್ಕಳಿಗೆ ಬೇಕಾದದ್ದು ಮನುಷ್ಯರು. ತಿಂಗಳುಗಳು ಕಳೆದು, ಎಲ್ಲರೂ ಮರೆತರು ಎಂದು ಅನ್ನಿಸತೊಡಗಿದಾಗ, ಆ ಮಗು ತಾನಾಗಿಯೇ ಕಪಾಟಿನ ಹತ್ತಿರ ಬರುತ್ತದೆ. ಆಗ ಪುಸ್ತಕ ಅಲ್ಲಿ ಇರಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಹೇಳಿದ ಸೂತ್ರವನ್ನು ಗ್ರಂಥಾಲಯ ವಿಜ್ಞಾನ ಓದಿದ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಇಲ್ಲಿ ಅದು ಸಣ್ಣ ಸಣ್ಣ ಕೆಲಸಗಳಾಗಿ ಬರುತ್ತದೆ. ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಆತ್ಮಹತ್ಯೆಯ ವಿಷಯಕ್ಕೆ 362.28 ಎಂಬ ಸಂಖ್ಯೆ ಇದೆ. ಈ ಕಾದಂಬರಿಗಳನ್ನು ಅಲ್ಲಿಗೆ ಕಳಿಸುವುದಿಲ್ಲ, ಬೇರೆ ಕಾದಂಬರಿಗಳ ನಡುವೆಯೇ ಇಡುತ್ತೇನೆ. ಬೇರೆ ಬಣ್ಣದ ಚೀಟಿಯನ್ನೂ ಅಂಟಿಸುವುದಿಲ್ಲ. ಮನೆಗೆ ಒಯ್ದರೆ ಅಮ್ಮ ನೋಡುತ್ತಾರೆ, ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಕೇಳುತ್ತಾರೆ ಎಂದು ಹೆದರುವವರು ಇಲ್ಲೇ ಕೂತು ಓದಬಹುದು. ಅರ್ಧ ಓದಿದ ಪುಸ್ತಕವನ್ನು ನನ್ನ ಟೇಬಲ್ ಡ್ರಾಯರ್‌ನಲ್ಲಿ ಇಟ್ಟುಕೊಳ್ಳುತ್ತೇನೆ. ಯಾರು ಏನು ಓದುತ್ತಿದ್ದಾರೆ ಎಂಬುದು ಸ್ಟಾಫ್ ರೂಮಿನ ಮಾತಾಗಬಾರದು.

ಪುಸ್ತಕ ವಾಪಸ್ ಬಂದಾಗ "ಈಗ ಹೇಗಿದ್ದೀಯಾ?" ಎಂದು ಕೇಳಿದರೆ "ಹುಷಾರಿದ್ದೇನೆ ಮೇಡಂ" ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. "ಇದರಲ್ಲಿ ಯಾರು ಇಷ್ಟ ಆದ್ರು?" ಎಂದು ಕೇಳಿದರೆ ಮಾತು ಬೆಳೆಯುತ್ತದೆ. ಮಗು ಪಾತ್ರದ ಬಗ್ಗೆ ಹೇಳುತ್ತಾ ಹೇಳುತ್ತಾ ತನ್ನ ಬಗ್ಗೆ ಹೇಳುತ್ತದೆ, ನಾನು ಸುಮ್ನೆ ಕೇಳುತ್ತೇನೆ. ಆದರೆ "ನನಗೂ ಬದುಕಿ ಏನು" ಎಂಬ ದನಿ ಬಂದರೆ ಅದು ಪುಸ್ತಕದ ಕೆಲಸವಲ್ಲ. ಆಗ ನೇರವಾಗಿ, ಮೆತ್ತಗೆ ಕೇಳಬೇಕು: ಸಾಯುವ ಯೋಚನೆ ಬರುತ್ತಿದೆಯಾ? ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. ಹೌದು ಎಂದರೆ ಒಂಟಿಯಾಗಿ ಬಿಡದೆ ಕೌನ್ಸೆಲರ್ ಹತ್ತಿರ ಜೊತೆಯಲ್ಲೇ ನಡೆದು ಹೋಗಬೇಕು. ಪೊಲೀಸ್ ಕೇಸ್ ಆಗುತ್ತದೆ ಎಂದು ಹೆದರಿ ಎಷ್ಟೋ ಮಕ್ಕಳು ಗೆಳೆಯರ ವಿಷಯವನ್ನು ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಯತ್ನ ಮಾಡಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ನೋಡುತ್ತದೆ, ಶಿಕ್ಷೆಯಿಂದ ದೂರ ಇಡುತ್ತದೆ. ಇದನ್ನು ಮಕ್ಕಳಿಗೆ ಹೇಳಬೇಕು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಈ ನಂಬರನ್ನು ನಮ್ಮ ಲೈಬ್ರರಿಯ ಎಲ್ಲ ಪುಸ್ತಕಗಳ ಡೇಟ್ ಸ್ಲಿಪ್ ಮೇಲೂ ಹಾಕಿದ್ದೇವೆ, ಫಿಸಿಕ್ಸ್ ಗೈಡ್ ಮೇಲೂ. ಬೇಕಾದವರು ಯಾರ ಕಣ್ಣಿಗೂ ಬೀಳದೆ ಬರೆದುಕೊಳ್ಳುತ್ತಾರೆ.

ಕೊನೆಗೆ ನನ್ನನ್ನು ನಿಜವಾಗಿ ಕಾಡುವ ವಿಷಯ. ಆ ಕಪಾಟಿನಲ್ಲಿ ಇರುವುದು ಹೆಚ್ಚಾಗಿ ಇಂಗ್ಲಿಷ್ ಪುಸ್ತಕಗಳು. ಅದರಲ್ಲಿ ಕಾರಿಡಾರಿನ ಲಾಕರ್ ಇದೆ, ಚರ್ಚಿನ ಪಕ್ಕದ ಹಿಮ ಇದೆ. ಸುಳ್ಯದಲ್ಲಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಡಿಕ್ಷನರಿ ಹಿಡಿದು ದುಃಖಪಡಬೇಕಾ? ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಇಂಥ ಕಾದಂಬರಿ ಬೇಕು. ಅದರಲ್ಲಿ ಸೆಕೆಂಡ್ ಪಿಯು ರಿಸಲ್ಟಿನ ದಿನ ಇರಲಿ, ಆಟಿಯ ಮಳೆಯಲ್ಲಿ ಹೋದವನಿಗೆ ಬಡಿಸುವಾಗ ಹೊರಗೆ ಜಗಲಿಯಲ್ಲಿ ನಿಂತ ಗೆಳೆಯ ಇರಲಿ, ಅವನನ್ನು ಒಳಗೆ ಕರೆಯುವ ಒಬ್ಬ ತಾಯಿ ಇರಲಿ. ಯಾರಾದರೂ ಬರೆಯುತ್ತಿದ್ದರೆ ದಯವಿಟ್ಟು ತಿಳಿಸಿ. ಹಸ್ತಪ್ರತಿ ಓದಲು ನಾನೂ, ನಮ್ಮ ಕೌನ್ಸೆಲರ್ ಮೇಡಮ್ಮೂ ತಯಾರಿದ್ದೇವೆ.