ನಾಲಿಗೆ ಮಾರಲು ಬಂದ ಹುಡುಗ

ಕಳೆದ ವಾರ ಪಕ್ಕದ ಮನೆಯ ಹನ್ನೊಂದು ವರ್ಷದ ಹುಡುಗ ಕಾಡ್ ಮೀನಿನ ನಾಲಿಗೆ ತುಂಬಿದ ಚೀಲ ಹಿಡಿದು ನಮ್ಮ ಬಾಗಿಲು ತಟ್ಟಿದ. ಉತ್ತರ ನಾರ್ವೆಯ ಈ ಲೋಫೋಟೆನ್ ದ್ವೀಪಗಳಿಗೆ ಮೊಟ್ಟೆಯಿಡಲೆಂದು ಬಾರೆಂಟ್ಸ್ ಸಮುದ್ರದಿಂದ ಮೀನು ಬರುವ ಜನವರಿಯಿಂದ ಏಪ್ರಿಲ್‌ವರೆಗೆ, ಶಾಲೆ ಬಿಟ್ಟ ಮಕ್ಕಳು ದಕ್ಕೆಗೆ ಓಡಿ, ಕತ್ತರಿಸಿಟ್ಟ ತಲೆಗಳಿಂದ ನಾಲಿಗೆ ಬಿಡಿಸಿ ಮಾರುತ್ತಾರೆ. ಆ ದುಡ್ಡು ಅವರದೇ. ತಲೆಗಳು ಒಣಗಿ ನೈಜೀರಿಯಾಕ್ಕೆ ಹೋಗುತ್ತವೆ. ಅವನ ಅಂಗಿಯ ವಾಸನೆಗೆ ನನ್ನ ಮುಖ ನನಗರಿವಿಲ್ಲದೆ ಹಿಂದೆ ಸರಿದಿರಬೇಕು. ಹುಡುಗ ಕೊಂಚವೂ ನಾಚದೆ, "ಇದು ದುಡ್ಡಿನ ವಾಸನೆ ಎಂದು ನಮ್ಮಜ್ಜ ಹೇಳುತ್ತಾರೆ" ಎಂದ.

ಮಲ್ಪೆಯಲ್ಲಿ ಮೀನು ಮಾರಿ ನನ್ನನ್ನು ಓದಿಸಿದವಳ ಮಗಳು ನಾನು.

ಕಡಲಿಗಿಳಿಯುವ ಆ ಹುಡುಗನ ತಂದೆಯ ದುಡಿಮೆ ಸುಲಭದ್ದಲ್ಲ. ಜನವರಿಯ ಮೊದಲ ದಿನಗಳಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಗಾಳಿಗೆ ಸಿಡಿದ ನೀರು ಹಗ್ಗ, ಕಂಬಿ, ಚಾವಣಿಗಳ ಮೇಲೆ ಹೆಪ್ಪುಗಟ್ಟುತ್ತದೆ. ಸುತ್ತಿಗೆಯಿಂದ ಒಡೆದು ಕೆಡವದಿದ್ದರೆ ಮೇಲ್ಭಾರ ಹೆಚ್ಚಿ ದೋಣಿಯೇ ಮಗುಚುತ್ತದೆ. ಹುಡುಗನ ತಾಯಿ ಕಿಟಕಿಯ ಬಳಿ ನಿಂತಿರುವುದನ್ನು ಕಂಡಾಗ, 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಮಂದಿಯನ್ನು ಹೊತ್ತು ಹೋಗಿ ಮರಳದ 'ಸುವರ್ಣ ತ್ರಿಭುಜ' ದೋಣಿ ನನ್ನೆದೆಯಲ್ಲಿ ಮತ್ತೆ ಹೊರಡುತ್ತದೆ. ಕಡಲಿನ ಭಯದಲ್ಲಿ ಎರಡು ಊರುಗಳಿಗೂ ವ್ಯತ್ಯಾಸವಿಲ್ಲ.

ವ್ಯತ್ಯಾಸವಿರುವುದು ದಡದಲ್ಲಿ. 1938ರ ಕಾನೂನಿನ ಕಾಲದಿಂದಲೂ ಇಲ್ಲಿ ಮೊದಲ ಮಾರಾಟದ ಕನಿಷ್ಠ ಬೆಲೆಯನ್ನು ಮೀನುಗಾರರದೇ ಮಾರಾಟ ಸಂಘ ಗೊತ್ತುಮಾಡುತ್ತದೆ. ಕೊಳ್ಳುವವನು ಅದಕ್ಕಿಂತ ಕೆಳಗಿಳಿಯುವಂತಿಲ್ಲ. ಫೆಬ್ರವರಿಯಿಂದ ಮೇವರೆಗೆ ಮರದ ಅಟ್ಟಣಿಗೆಗಳಲ್ಲಿ ಉಪ್ಪಿಲ್ಲದೆ ಒಣಗುವ ಮೀನಿನ ವಾಸನೆ ಊರನ್ನೆಲ್ಲ ತುಂಬಿದರೂ ಯಾರೂ ಮೂಗು ಮುಚ್ಚುವುದಿಲ್ಲ. ನಮ್ಮಲ್ಲಿ ಬಂಗುಡೆಯನ್ನು ಬಾಯಿ ಚಪ್ಪರಿಸಿ ತಿನ್ನುವವರೇ ಬುಟ್ಟಿ ಹೊತ್ತ ಅಮ್ಮನನ್ನು ಬಸ್ಸಿನಿಂದ ಇಳಿಸಿದ್ದನ್ನು ನಾನು ಕಂಡಿದ್ದೇನೆ. ತರಗತಿಯಲ್ಲಿ ಪಕ್ಕದ ಹುಡುಗಿ ಬೆಂಚು ಬದಲಿಸಿದ ದಿನದಿಂದ, ಮುಂಜಾನೆ ಅಮ್ಮನ ಬುಟ್ಟಿಗೆ ಕೈಹಚ್ಚುವುದನ್ನೇ ನಾನು ಬಿಟ್ಟೆ. ಅವಳು ಏಕೆಂದು ಕೇಳಲಿಲ್ಲ.

ಒಂದು ಕಿಲೋ ನಾಲಿಗೆ ಕೊಂಡೆ, ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿದೆ. ರಾತ್ರಿ ಅಮ್ಮನಿಗೆ ಫೋನು ಮಾಡಿ ಹುಡುಗನ ಮಾತನ್ನೂ, ಆ ಬೆಂಚಿನ ಸಂಗತಿಯನ್ನೂ ಹೇಳಿದೆ. ಅವಳು ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ಹುಡುಗನಿಗೆ ಕಿಲೋಗೆ ಎಷ್ಟು ಕೊಟ್ಟೆ ಮಗಾ? ಚೌಕಾಸಿ ಮಾಡಲಿಲ್ಲ ಅಲ್ಲವಾ?" ಎಂದು ಕೇಳಿದಳು.