ಉಡುಪಿಯಿಂದ ಕಾರವಾರಕ್ಕೆ: ಹೊರಡುವ ಮೊದಲು ಗೊತ್ತಿರಲಿ

"ರಜೆಗೆ ಕಾರವಾರಕ್ಕೆ ಹೋಗ್ತಿದ್ದೇವೆ" ಎಂದು ಉಡುಪಿಯಲ್ಲಿ ಯಾರಿಗಾದರೂ ಹೇಳಿ ನೋಡಿ. "ಅಲ್ಲಿಂದ ಗೋವಾ ಹತ್ತಿರ, ಅಲ್ವಾ?" ಎಂದು ಕೂಡಲೇ ಕೇಳುತ್ತಾರೆ. ನಮ್ಮ ಕಡೆಯ ಹೆಚ್ಚಿನವರು ಕಾರವಾರವನ್ನು ನೋಡಿರುವುದು ಕಾಳಿ ಸೇತುವೆ ದಾಟುವಾಗ, ಅದೂ ಕಾರಿನ ಕಿಟಕಿಯಿಂದ. ಮಲ್ಪೆ, ಕಾಪು, ಮರವಂತೆ ಎಲ್ಲ ಮನೆ ಪಕ್ಕದಲ್ಲೇ ಇರುವಾಗ ಇನ್ನೊಂದು ಕಡಲು ನೋಡಲು ಇನ್ನೂರು ಕಿಲೋಮೀಟರ್ ಯಾಕೆ ಹೋಗಬೇಕು ಅನಿಸುವುದೂ ಸಹಜ.

ಆದರೆ ಆ ಕಡಲೇ ಬೇರೆ. ನಮ್ಮಲ್ಲಿ ಘಟ್ಟ ಇರುವುದು ದೂರದಲ್ಲಿ, ಕಾರ್ಕಳ, ಹೆಬ್ರಿ ದಾಟಿದ ಮೇಲೆ. ಕಾರವಾರದಲ್ಲಿ ಗುಡ್ಡ ನೇರ ನೀರಿಗೇ ಇಳಿಯುತ್ತದೆ. ಎದುರಿಗೆ ದ್ವೀಪಗಳು, ಪಕ್ಕದಲ್ಲಿ ಕಾಳಿ ನದಿಯ ದೊಡ್ಡ ಅಳಿವೆ. ಹಾಗಾಗಿ ಗೋವಾಕ್ಕೆ ಹೋಗುವಾಗ ಅರ್ಧ ಗಂಟೆ ನಿಲ್ಲಿಸಿ ಫೋಟೊ ತೆಗೆದರೆ ಆ ಊರು ನೋಡಿದಂತೆ ಆಗುವುದಿಲ್ಲ. ಎರಡು ರಾತ್ರಿಯಾದರೂ ಉಳಿಯುವ ಹಾಗೆ ಯೋಚಿಸಿ. ಗೋವಾ ಇನ್ನೊಮ್ಮೆ ಇರಲಿ.

ಹೋಗುವುದು ಹೇಗೆ? ನನ್ನ ಮತ ರೈಲಿಗೆ. ಇಂದ್ರಾಳಿಯ ಉಡುಪಿ ಸ್ಟೇಷನ್‌ನಲ್ಲಿ ಹತ್ತಿದರೆ ಆಯಿತು. ವಂದೇ ಭಾರತ್ ಉಡುಪಿ ಬಿಟ್ಟರೆ ನಿಲ್ಲುವುದೇ ಕಾರವಾರದಲ್ಲಿ. ಬೇಗ ಮುಟ್ಟಬೇಕು ಎನ್ನುವವರಿಗೆ ಅದು ಸರಿ, ದರ ಮಾತ್ರ ಜಾಸ್ತಿ. ಮತ್ಸ್ಯಗಂಧ ಇದೆ. ಬೆಂಗಳೂರಿನಿಂದ ಬರುವ ಪಂಚಗಂಗಾ ಇದೆ. ನಮಗೆ ಇಷ್ಟವಾದದ್ದು ಮಡಗಾಂವ್‌ಗೆ ಹೋಗುವ ಸಾದಾ ಪ್ಯಾಸೆಂಜರ್. ಎಲ್ಲ ಸಣ್ಣ ಸ್ಟೇಷನ್‌ಗಳಲ್ಲೂ ನಿಲ್ಲುತ್ತದೆ. ಬುಟ್ಟಿ ಹಿಡಿದವರು, ಕಾಲೇಜು ಮಕ್ಕಳು, ಮಣಿಪಾಲದ ಆಸ್ಪತ್ರೆಯಿಂದ ಫೈಲು ಹಿಡಿದು ಊರಿಗೆ ಮರಳುವವರು ಎಲ್ಲರೂ ಅದರಲ್ಲಿ ಸಿಗುತ್ತಾರೆ. ಬೈಂದೂರು ದಾಟಿದ ಮೇಲೆ ಮಾತಿನ ಧಾಟಿಯೇ ಬದಲಾಗುವುದು ಕಿವಿಗೆ ಗೊತ್ತಾಗುತ್ತದೆ. ನಮ್ಮ ತುಳು ಅಷ್ಟರಲ್ಲಿ ಯಾವಾಗಲೋ ಹಿಂದೆ ಉಳಿದಿರುತ್ತದೆ.

ಎಡಗಡೆ ಕಿಟಕಿ ಹಿಡಿಯಿರಿ. ರೈಲಿನಿಂದ ಸಮುದ್ರ ಅಷ್ಟಾಗಿ ಕಾಣುವುದಿಲ್ಲ, ಅದನ್ನು ನಿರೀಕ್ಷಿಸಬೇಡಿ. ನೋಡಬೇಕಾದದ್ದು ಹೊಳೆಗಳನ್ನು. ಹೊನ್ನಾವರದಲ್ಲಿ ಶರಾವತಿ ಮೇಲಿನ ಸೇತುವೆ ಎರಡು ಕಿಲೋಮೀಟರ್‌ಗೂ ಉದ್ದ, ಇಡೀ ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಆಮೇಲೆ ಅಘನಾಶಿನಿ, ಗಂಗಾವಳಿ. ನಡುನಡುವೆ ಸುರಂಗ ಬಂದು ಮೊಬೈಲ್ ಸಿಗ್ನಲ್ ಹೋಗುತ್ತದೆ. ಮಳೆಗಾಲದಲ್ಲಿ, ಅಂದರೆ ಜೂನ್ ಮಧ್ಯದಿಂದ ಅಕ್ಟೋಬರ್‌ವರೆಗೆ, ಈ ಮಾರ್ಗದಲ್ಲಿ ಬೇರೆ ವೇಳಾಪಟ್ಟಿ ಇರುತ್ತದೆ. ರೈಲುಗಳ ವೇಗ ಇಳಿಸುತ್ತಾರೆ, ಹೊರಡುವ ಸಮಯವೂ ಬದಲಾಗುತ್ತದೆ. ಹಳೇ ಟಿಕೆಟ್ ನೋಡಿಕೊಂಡು ಸ್ಟೇಷನ್‌ಗೆ ಹೋಗಬೇಡಿ.

ಬಸ್ಸಿನ ವಿಷಯದಲ್ಲಿ ಒಂದು ಮಾತು. ನಾವು ಉಡುಪಿಯವರು ಖಾಸಗಿ ಬಸ್ಸಿಗೆ ಒಗ್ಗಿಹೋದವರು. ಕೈ ಎತ್ತಿದರೆ ನಿಲ್ಲುತ್ತದೆ, ಐದು ನಿಮಿಷಕ್ಕೆ ಇನ್ನೊಂದು ಬರುತ್ತದೆ. ಉತ್ತರ ಕನ್ನಡದಲ್ಲಿ ಓಡಾಟ ಹೆಚ್ಚಾಗಿ ಸರ್ಕಾರಿ ಬಸ್ಸಿನಲ್ಲೇ, ಅದೂ ವಾಯವ್ಯ ಸಾರಿಗೆಯದು. ಒಂದು ತಪ್ಪಿದರೆ ಕಾಯಬೇಕು. ಹೆಂಗಸರಿಗೆ ಅಲ್ಲಿಯೂ ಶಕ್ತಿ ಯೋಜನೆ ಇದೆ, ಹಾಗಾಗಿ ಆಧಾರ್ ಕಾರ್ಡ್ ಪರ್ಸಿನಲ್ಲೇ ಇರಲಿ. ನಮ್ಮ ಅತ್ತೆ ಕಾರವಾರದಿಂದ ಅಂಕೋಲಾ, ಅಂಕೋಲಾದಿಂದ ಕುಮಟಾ ಎಂದು ಪೂರ್ತಿ ಪುಕ್ಕಟೆಯಾಗಿ ಸುತ್ತಿದರು. ಅದನ್ನು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಗೋವಾ ಕಡೆ ಹೋಗುವ ಬಸ್ಸಿಗೆ ಈ ಸೌಲಭ್ಯ ಇಲ್ಲ.

ಕಾರಿನಲ್ಲಿ ಹೋಗುವವರಿಗೆ ರಾಷ್ಟ್ರೀಯ ಹೆದ್ದಾರಿ 66 ಒಂದೇ ದಾರಿ. ಸಾಸ್ತಾನ, ಬೈಂದೂರಿನ ಶಿರೂರು, ಕುಮಟಾದ ಹೊಳೆಗದ್ದೆ, ಅಂಕೋಲಾದ ಹಟ್ಟಿಕೇರಿ, ಹೀಗೆ ಟೋಲ್‌ಗೇಟ್ ಸಾಲು ಸಾಲು. ಫಾಸ್ಟ್ಯಾಗ್‌ನಲ್ಲಿ ದುಡ್ಡು ಇದೆಯಾ ನೋಡಿಕೊಳ್ಳಿ. ಶಿರೂರು ಎಂಬ ಹೆಸರು ಈ ದಾರಿಯಲ್ಲಿ ಎರಡು ಸಲ ಬರುತ್ತದೆ. ಇನ್ನೊಂದು ಶಿರೂರು ಅಂಕೋಲಾ ತಾಲೂಕಿನದು. 2024ರ ಜುಲೈ 16ರಂದು ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾ ಹೋಟೆಲನ್ನೂ ವಾಹನಗಳನ್ನೂ ಗಂಗಾವಳಿ ಹೊಳೆಗೆ ತಳ್ಳಿದ್ದು ಅಲ್ಲಿಯೇ. ರಸ್ತೆಗಾಗಿ ಗುಡ್ಡವನ್ನು ನೆಟ್ಟಗೆ ಕಡಿದ ಜಾಗಗಳು ಆ ಕಡೆ ಬೇಕಾದಷ್ಟಿವೆ. ಜೋರು ಮಳೆ ಇರುವಾಗ ಅಂಥ ಕಡೆ ಚಹಾ ಕುಡಿಯಲೂ ಗಾಡಿ ನಿಲ್ಲಿಸಬೇಡಿ. ಜೂನ್, ಜುಲೈಯಲ್ಲಿ ಬೈಕ್ ಹತ್ತುವ ಹುಡುಗರಿಗೆ ಇದನ್ನು ಎಷ್ಟು ಹೇಳಿದರೂ ಸಾಲದು. ನಮ್ಮ ಚಿಕ್ಕಪ್ಪನ ಮಗ ಹಾಗೆ ಹೋಗಿ, ಕುಮಟಾದ ಲಾಡ್ಜಿನಲ್ಲಿ ಒದ್ದೆ ಬಟ್ಟೆ ಒಣಗಿಸುತ್ತಾ ಕೂತು ವಾಪಸ್ ಬಂದ. ಕಾರವಾರ ನೋಡಲೇ ಇಲ್ಲ. ಸುಮ್ನೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ.

ಊರು ಮುಟ್ಟಿದ ಮೇಲೆ ಮೊದಲ ವಿಷಯ: ರೈಲ್ವೆ ಸ್ಟೇಷನ್ ಪೇಟೆಯಲ್ಲಿಲ್ಲ, ಒಳಗೆ ಶಿರವಾಡದಲ್ಲಿದೆ. ಆಟೋ ಬಾಡಿಗೆ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಉಳಿಯಲು ಬಸ್ ಸ್ಟ್ಯಾಂಡ್ ಮತ್ತು ಕಡಲ ತೀರದ ನಡುವೆ ಎಲ್ಲಿಯಾದರೂ ರೂಮು ಹಿಡಿದರೆ ಸಂಜೆ ನಡೆದೇ ಸಮುದ್ರಕ್ಕೆ ಹೋಗಬಹುದು.

ಊರಿನ ಕಡಲ ತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರು. ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಟ್ಯಾಗೋರರು ಅಣ್ಣನ ಮನೆಗೆ ಬಂದು ಉಳಿದು ಒಂದು ನಾಟಕವನ್ನೂ ಬರೆದರು. ಈಗ ಅದೇ ತೀರದ ಪಕ್ಕದಲ್ಲೇ ಮೇಲ್ಸೇತುವೆ ಹಾದುಹೋಗಿದೆ. ನೋಟಕ್ಕೆ ಅಡ್ಡ ಎಂದು ಬೈಯುವವರಿದ್ದಾರೆ, ನಾನೂ ಅವರ ಪಕ್ಷವೇ. ಆದರೆ ಮರಳಿಗಿಳಿದು ಬೆನ್ನು ಹಾಕಿ ನಿಂತರೆ ಅದು ಮರೆತುಹೋಗುತ್ತದೆ. ಮಕ್ಕಳಿದ್ದರೆ ಐಎನ್‌ಎಸ್ ಚಾಪಲ್ ಎಂಬ ನಿವೃತ್ತ ಯುದ್ಧನೌಕೆಯ ಒಳಗೆ ಕರೆದುಕೊಂಡು ಹೋಗಿ. ತೀರದಲ್ಲೇ ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. ಒಳಗೆ ಇಕ್ಕಟ್ಟು, ಮೆಟ್ಟಿಲು ಕಡಿದು. ಮಂಡಿ ನೋವಿನವರು ಹೊರಗೆ ಕೂತು ಐಸ್‌ಕ್ರೀಮ್ ತಿನ್ನುವುದೇ ಒಳ್ಳೆಯದು. ಪಕ್ಕದಲ್ಲಿ ನೌಕಾಪಡೆಯ ದೊಡ್ಡ ಟುಪೊಲೆವ್ ವಿಮಾನವೂ ಇದೆ.

ನೌಕಾಪಡೆ ಎಂದಾಗ ಒಂದು ಎಚ್ಚರಿಕೆ. ಕಾರವಾರದ ದಕ್ಷಿಣಕ್ಕೆ ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೆಲೆ ಇದೆ. ಸೀಬರ್ಡ್ ಯೋಜನೆ ಎಂದರೆ ಅಲ್ಲಿ ಎಲ್ಲರಿಗೂ ಗೊತ್ತು. ಹೆದ್ದಾರಿ ಅದರ ಗೋಡೆ ಪಕ್ಕದಲ್ಲೇ ಹೋಗುತ್ತದೆ. ಅಲ್ಲಿ ಮೊಬೈಲ್ ಹೊರಗೆ ಹಿಡಿದು ವಿಡಿಯೊ ಮಾಡುವುದು, ಡ್ರೋನ್ ಹಾರಿಸುವುದು ಎಲ್ಲ ಬೇಡ. ಹಳೇ ಕಾಲದವರು "ಆ ಬೀಚ್ ಚೆನ್ನಾಗಿದೆ, ಹೋಗಿ" ಎಂದು ಹೇಳುವ ಕೆಲವು ಜಾಗಗಳು ಈಗ ಬೇಲಿಯ ಒಳಗಿವೆ. ಅದಕ್ಕಾಗಿ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳವರು ಊರಿನಲ್ಲಿ ಮಾತಿಗೆ ಸಿಗುತ್ತಾರೆ. ಮಾತು ಆ ಕಡೆ ಹೋದರೆ ಸುಮ್ಮನೆ ಕೇಳಿಸಿಕೊಳ್ಳಿ.

ಕಾರವಾರದಲ್ಲಿ ಒಂದೇ ಜಾಗಕ್ಕೆ ಸಮಯವಿದೆ ಎಂದರೆ ನಾನು ಸದಾಶಿವಗಡ ಎನ್ನುತ್ತೇನೆ. ಕಾಳಿ ದಾಟಿದ ತಕ್ಷಣ ಎದುರಾಗುವ ಗುಡ್ಡ. ಸೋಂದೆಯ ಅರಸರು ಕಟ್ಟಿದ ಕೋಟೆ, ಹೆಸರು ಕೇಳಿ ದೊಡ್ಡ ಗೋಡೆ ಬುರುಜು ಹುಡುಕಬೇಡಿ, ಉಳಿದಿರುವುದು ಕಡಿಮೆ. ಹತ್ತಬೇಕಾದದ್ದು ನೋಟಕ್ಕೆ. ಒಂದು ಕಡೆ ಕಾಡಿನಿಂದ ಬರುವ ಕಾಳಿ, ಇನ್ನೊಂದು ಕಡೆ ಕಡಲು, ನಡುವೆ ದೇವಬಾಗದ ಗಾಳಿಮರಗಳ ಸಾಲು, ದೂರದಲ್ಲಿ ಕೂರ್ಮಗಡ ದ್ವೀಪ. ಸೂರ್ಯ ಮುಳುಗುವ ಒಂದು ಗಂಟೆ ಮೊದಲು ಮೇಲಿರಿ. ಕೆಳಗೆ ಕಾಣುವ ಸೇತುವೆ ಹೊಸದು. 2024ರ ಆಗಸ್ಟ್ 7ರ ನಡುರಾತ್ರಿ ಪಕ್ಕದ ಹಳೇ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಚಾಲಕನನ್ನು ಜೀವಂತವಾಗಿ ಮೇಲೆತ್ತಿದರು.

ದ್ವೀಪಕ್ಕೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಕೂರ್ಮಗಡದಲ್ಲಿ ನರಸಿಂಹ ದೇವರ ಗುಡಿ ಇದೆ, ಪುಷ್ಯ ಹುಣ್ಣಿಮೆಗೆ ಜಾತ್ರೆ. ಉಳಿದ ದಿನ ದೋಣಿ ಸಿಗುವುದು ಗಾಳಿ, ಅಲೆ, ಪರವಾನಗಿ ಮೇಲೆ ನಿಂತಿದೆ. ಹಿಂದಿನ ದಿನವೇ ವಿಚಾರಿಸಿ. 2019ರ ಜಾತ್ರೆಯ ಹೊತ್ತಿಗೆ ಜನ ತುಂಬಿದ ದೋಣಿ ಮಗುಚಿ ಹಲವರು ಜೀವ ಕಳೆದುಕೊಂಡರು. ಲೈಫ್ ಜಾಕೆಟ್ ಕೊಡದ ದೋಣಿಗೆ, ಎಷ್ಟೇ ಕಡಿಮೆ ಹೇಳಲಿ, ಹತ್ತಬೇಡಿ. ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ಹೋಗುವಷ್ಟು ಸಲೀಸಾದ ವ್ಯವಸ್ಥೆ ಇಲ್ಲಿಲ್ಲ, ಅದು ಗೊತ್ತಿದ್ದೇ ಹೋಗಿ.

ದೋಣಿ ಸಿಗದಿದ್ದರೆ ಮಾಜಾಳಿಗೆ ಹೋಗಿ. ಗೋವಾ ಗಡಿಯ ಮೀನುಗಾರರ ಊರು. ತೀರದ ಉತ್ತರದ ತುದಿಯಿಂದ ಗುಡ್ಡ ಹತ್ತಿ ಆ ಕಡೆ ಇಳಿದರೆ ತಿಳಮಾತಿ. ಅಲ್ಲಿನ ಮರಳು ಕರಿ ಎಳ್ಳು ಚೆಲ್ಲಿದ ಹಾಗಿದೆ. ಅಂಗಡಿ ಇಲ್ಲ, ನೆರಳು ಇಲ್ಲ, ನೀರು ನೀವೇ ಒಯ್ಯಬೇಕು. ಚಪ್ಪಲಿ ಸಾಲದು, ಹಿಡಿತ ಇರುವ ಶೂ ಬೇಕು. ನಮ್ಮ ಭಾವ ಪಂಚೆ ಕಟ್ಟಿಕೊಂಡೇ ಹತ್ತಿದರು, ಅದು ಬೇರೆ ಮಾತು. ಹಾಗೇ ಗಡಿ ದಾಟಿ ಗೋವಾ ಕಡೆ ಇಣುಕಿ ಬರುವವರು ಒಂದು ನೆನಪಿಡಿ, ಬರುವಾಗ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಬಾಟಲಿಗಾಗಿ ಗಾಡಿ ತಪಾಸಣೆ ಇರುತ್ತದೆ.

ಊಟಕ್ಕೆ ಬರೋಣ. ಮೀನು ತಿನ್ನುವವರು ಅಲ್ಲಿ ಹೆಸರುಗಳಿಗೆ ಸ್ವಲ್ಪ ತಡಕಾಡಬೇಕು. ನಮ್ಮ ಅಂಜಲ್ ಅಲ್ಲಿ ಇಸ್ವಣ, ಬೂತಾಯಿ ತಾರ್ಲೆ, ಕಾಣೆ ನೊಗಲಿ. ಸಾರಿನ ರುಚಿಯೂ ಬೇರೆ. ನಮ್ಮ ಬಂಗುಡೆ ಪುಳಿಮುಂಚಿಯ ಹುಳಿ ಖಾರ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ತೆಂಗಿನಕಾಯಿ ನುಣ್ಣಗೆ ಅರೆದು, ಬಂಗಡೆ ಸಾರಿಗೆ ತೆಪ್ಪಳ ಎಂಬ ಮಸಾಲೆ ಕಾಯಿ ಜಜ್ಜಿ ಹಾಕುತ್ತಾರೆ. ಮೊದಲ ತುತ್ತಿಗೆ ನಾಲಿಗೆ ಚುರುಗುಟ್ಟುತ್ತದೆ, ಆಮೇಲೆ ಅದೇ ಬೇಕೆನಿಸುತ್ತದೆ. ಮಧ್ಯಾಹ್ನದ ಮೀನೂಟದ ಜೊತೆ ಸೋಲ್‌ಕಡಿ ಕೇಳಿ ಪಡೆಯಿರಿ. ನಮ್ಮ ಪುನರ್ಪುಳಿಗೆ, ಅಂದರೆ ಕೋಕಂಗೆ, ತೆಂಗಿನ ಹಾಲು ಸೇರಿದರೆ ಇಷ್ಟು ಚೆಂದವಾಗುತ್ತದೆ ಎಂದು ಉಡುಪಿಯಲ್ಲಿ ಯಾರಿಗೂ ಯಾಕೆ ಹೊಳೆಯಲಿಲ್ಲವೋ. ಬೆಳಿಗ್ಗೆ ಬೇಗ ಏಳುವವರು ಬೈತಖೋಲ ಬಂದರಿಗೆ ಹೋಗಿ, ಮಲ್ಪೆಗಿಂತ ಸಣ್ಣದು, ಆರಾಮವಾಗಿ ನಿಂತು ನೋಡಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಆಗ ಮೀನಿನಾಸೆಗೆ ಹೋಗುವುದರಲ್ಲಿ ಅರ್ಥವಿಲ್ಲ.

ಅಲ್ಲಿನ ಅಡುಗೆಯಲ್ಲೂ ಮಾತಲ್ಲೂ ಮುಂಬೈ, ಗೋವಾ ಕಡೆಯ ವಾಸನೆ ಇರುವುದಕ್ಕೆ ಕಾರಣವಿದೆ. ನಾವೂ ಅವರೂ ಒಂದು ಕಾಲಕ್ಕೆ ಒಂದೇ ಕೆನರಾ ಜಿಲ್ಲೆಯವರು. 1862ರಲ್ಲಿ ಉತ್ತರ ಕೆನರಾ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ನಾವು ಮದ್ರಾಸಿನಲ್ಲೇ ಉಳಿದೆವು. ಮತ್ತೆ ಒಂದೇ ರಾಜ್ಯಕ್ಕೆ ಸೇರಿದ್ದು 1956ರಲ್ಲಿ.

ಸುತ್ತಮುತ್ತಲಿನದನ್ನು ವಾಪಸ್ ಬರುವ ದಾರಿಗೆ ಇಟ್ಟುಕೊಳ್ಳಿ. ಗೋಕರ್ಣ, ಮುರುಡೇಶ್ವರ ನಮ್ಮವರು ನೋಡಿದ್ದೇ, ನಾನು ಹೇಳಬೇಕಾಗಿಲ್ಲ. ಮಿರ್ಜಾನ್ ಕೋಟೆ ಮಾತ್ರ ಬಿಡಬೇಡಿ. ಹೆದ್ದಾರಿಯ ಪಕ್ಕದಲ್ಲೇ ಇದೆ, ಕೆಂಪು ಮುರಕಲ್ಲಿನದು. ಗೇರುಸೊಪ್ಪೆಯ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರು ಇದರ ಜೊತೆ ಬೆಸೆದುಕೊಂಡಿದೆ. ಮಳೆ ನಿಂತ ಹೊಸತರಲ್ಲಿ, ಅಕ್ಟೋಬರ್ ಹೊತ್ತಿಗೆ, ಗೋಡೆ ತುಂಬ ಹಸಿರು ಪಾಚಿ ಇರುತ್ತದೆ. ಕಲ್ಲು ಜಾರುತ್ತದೆ, ನೋಡಿ ಕಾಲಿಡಿ. ಯಾಣಕ್ಕೆ ಅರ್ಧ ದಿನ ಬೇರೆಯೇ ಬೇಕು, ದಾರಿಯಲ್ಲಿ ತುರುಕಿಸಲು ಹೋಗಬೇಡಿ. ಹೊನ್ನಾವರದ ಕಾಸರಕೋಡಿನಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ದಾರಿ ಮಾಡಿದ್ದಾರೆ, ಅತ್ತೆ ಮಾವಂದಿರನ್ನು ಕರೆದುಕೊಂಡು ಹೋಗಲು ಚೆನ್ನಾಗಿದೆ. ಅಲ್ಲಿನ ಬೀಚಿಗೂ ನಮ್ಮ ಪಡುಬಿದ್ರಿಗೂ ಬ್ಲೂ ಫ್ಲ್ಯಾಗ್ ಸಿಕ್ಕಿದ್ದು ಒಟ್ಟಿಗೇ, 2020ರಲ್ಲಿ.

ಹಿರಿಯರು ಜೊತೆಗಿದ್ದರೆ ಮಾತ್ರೆ, ವೈದ್ಯರ ಚೀಟಿ ಎಲ್ಲ ಪೂರ್ತಿ ಇಟ್ಟುಕೊಳ್ಳಿ. ಕಾರವಾರದಲ್ಲಿ ಜಿಲ್ಲಾಸ್ಪತ್ರೆ ಇದೆ. ಆದರೆ ಹೃದಯದ ತೊಂದರೆಯಂಥ ದೊಡ್ಡ ಕಾಯಿಲೆಗೆ ಅಲ್ಲಿಯವರೇ ಗೋವಾಕ್ಕೋ ಮಣಿಪಾಲಕ್ಕೋ ಓಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಆ ಜಿಲ್ಲೆಯವರು ಕೇಳುತ್ತಲೇ ಇದ್ದಾರೆ.

ಮನೆಗೆ ಏನು ತರುವುದು ಎಂದರೆ, ಬೇಸಿಗೆಯಾದರೆ ಕುಮಟಾ ಹತ್ತಿರ ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ತೂಗುಹಾಕಿದ ಸಿಹಿ ಈರುಳ್ಳಿ. ಮೇ ತಿಂಗಳಾದರೆ ಅಂಕೋಲಾದಲ್ಲಿ ಕರಿ ಇಶಾಡ ಮಾವಿನಹಣ್ಣು. ಅದು ಬಹಳ ದಿನ ಉಳಿಯುವುದಿಲ್ಲ, ಹೊರಡುವ ದಿನವೇ ಕೊಳ್ಳಿ. ರೈಲಿನಲ್ಲಿ ಮರಳುವವರು ಶಿರವಾಡಕ್ಕೆ ಬರುವ ಆಟೋದವರ ನಂಬರನ್ನು ಬಂದ ದಿನವೇ ಪಡೆದುಕೊಂಡಿರಿ. ಬೆಳಗಿನ ಜಾವದ ರೈಲಿಗೆ ಪೇಟೆಯಲ್ಲಿ ನಿಂತು ಆಟೋ ಹುಡುಕಿದರೆ ಸಿಗುವುದು ಕಷ್ಟ.